ಒಂದೇ ತೋಟ, ನಾಲ್ಕು ಕೇಸು

ತೋಟ ನಾಲ್ಕು ಎಕರೆ ಹನ್ನೆರಡು ಗುಂಟೆ. ಕೇಸೂ ನಾಲ್ಕು. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ಸೀಮೆಯ ಯಾವ ಊರಿಗಾದರೂ ಒಪ್ಪುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ದೊಡ್ಡಣ್ಣನ ಹೆಸರಿಗಾಯಿತು. ಪಹಣಿಯಲ್ಲಿ ಒಬ್ಬರ ಹೆಸರಿದ್ದರೆ ಸಾಕಲ್ಲ ಎಂದು ಉಳಿದವರು ಸಹಿ ಹಾಕಿಕೊಟ್ಟರು. ಎಷ್ಟೋ ವರ್ಷ ಕೊಬ್ಬರಿಯ ದುಡ್ಡು ಹಂಚಿಕೆಯಾಗುತ್ತಲೇ ಇತ್ತು. ಅಕ್ಕ ತಂಗಿಯರಿಗೆ ಗೌರಿ ಹಬ್ಬಕ್ಕೆ ಬಾಗಿನ, ಕಾಯಿ ತುಂಬಿದ ಚೀಲ. ಆಮೇಲೆ ರಸ್ತೆ ಅಗಲವಾಯಿತು, ಎಕರೆಗೆ ಬೆಲೆ ಬಂತು, ದೊಡ್ಡಣ್ಣ ರಸ್ತೆಬದಿಯ ಎರಡು ಎಕರೆ ಮಾರಲು ಹೊರಟ.

ಅಲ್ಲಿಂದ ಶುರು. ನಡುವಿನ ತಮ್ಮ ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರ ಮುಂದೆ ನಿರ್ಬಂಧಕಾಜ್ಞೆಗೆ ದಾವೆ ಹೂಡಿ, ಅರ್ಧ ತೋಟ ತನ್ನ ಅನುಭವದಲ್ಲಿದೆ, ಅಣ್ಣ ಕಾಲಿಡಕೂಡದು ಎಂದ. ದೊಡ್ಡಣ್ಣ ಅಪ್ಪನ ವಿಲ್ಲೊಂದನ್ನು ಹೊರತೆಗೆದು, ಇಡೀ ತೋಟ ತನ್ನದೆಂದು ಘೋಷಿಸಬೇಕೆಂದು ಇನ್ನೊಂದು ದಾವೆ ಹಾಕಿದ. ಅಕ್ಕ ತಂಗಿಯರು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಪಾಲಿನ ದಾವೆ ತಂದರು. ಇಷ್ಟರೊಳಗೆ ಎರಡು ಎಕರೆಗೆ ಕ್ರಯಪತ್ರವೂ ಆಗಿಬಿಟ್ಟಿತ್ತು. ಕೊಂಡವನು ಹಣ ಕೊಟ್ಟವನು ತಾನು, ಸ್ವಾಧೀನಕ್ಕೆ ಅಡ್ಡಿಮಾಡಬಾರದು ಎಂದು ನಾಲ್ಕನೆಯದನ್ನು ಹೂಡಿದ. ಖಾತೆ ಬದಲಾವಣೆಯ ತಕರಾರು ತಹಶೀಲ್ದಾರ್ ಕಚೇರಿಯಲ್ಲಿ ಬೇರೆಯೇ ನಡೆದಿದೆ. ಅದು ಈ ಲೆಕ್ಕಕ್ಕೆ ಸೇರಿಲ್ಲ.

ನಾಲ್ಕು ಕಡತಗಳನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಪ್ರಶ್ನೆ ಒಂದೇ. ಆ ತೋಟ ಅಪ್ಪನಿಗೆ ಎಲ್ಲಿಂದ ಬಂತು, ಅದು ಒಟ್ಟು ಕುಟುಂಬದ್ದೋ, ಅವನ ಸ್ವಯಾರ್ಜಿತವೋ? ಪಿತ್ರಾರ್ಜಿತವಾಗಿದ್ದರೆ ಅಪ್ಪನ ವಿಲ್ ಅವನ ಪಾಲಿಗೆ ಮಾತ್ರ ಅನ್ವಯ, ದೊಡ್ಡಣ್ಣನ ಘೋಷಣೆಯ ದಾವೆ ಅಲ್ಲಿಗೆ ಕುಸಿಯುತ್ತದೆ. ಕೊಂಡವನಿಗೆ ದೊಡ್ಡಣ್ಣನ ಪಾಲಿನಷ್ಟೇ ದಕ್ಕುತ್ತದೆ. ಸಹಮಾಲೀಕರಲ್ಲಿ ಒಬ್ಬನ ಸ್ವಾಧೀನ ಎಲ್ಲರ ಸ್ವಾಧೀನವೆಂದೇ ಕಾನೂನು ನೋಡುವುದರಿಂದ ತಮ್ಮನ ನಿರ್ಬಂಧಕಾಜ್ಞೆಯೂ ನಿಲ್ಲುವುದು ಕಷ್ಟ. ಸ್ವಯಾರ್ಜಿತವಾಗಿದ್ದು ವಿಲ್ ಸಾಬೀತಾದರೆ ಎಲ್ಲವೂ ತಲೆಕೆಳಗು. ಹೀಗಿದ್ದೂ ನಾಲ್ಕು ದಾವೆಗಳಿಗೆ ನಾಲ್ಕು ವಾದಪತ್ರ, ನಾಲ್ಕು ವಕಾಲತ್ತು, ನಾಲ್ಕು ಸಲ ಅದೇ ಮುದುಕ ಶ್ಯಾನುಭೋಗರ ಮಗನ ಸಾಕ್ಷಿ, ನಾಲ್ಕು ಸಲ ಪಾಟೀಸವಾಲು.

ಇದರಲ್ಲಿ ಖರ್ಚು ಸಣ್ಣ ವಿಷಯ. ಎರಡು ಕೋರ್ಟು ಎರಡು ಥರ ಹೇಳಿದರೆ ಏನು ಗತಿ ಎಂಬುದು ದೊಡ್ಡದು. ಒಂದರಲ್ಲಿ ವಿಲ್ ನಂಬಲರ್ಹ, ಇನ್ನೊಂದರಲ್ಲಿ ಅದು ಅನುಮಾನಾಸ್ಪದ ಎಂದು ತೀರ್ಪು ಬಂದರೆ ಊರಿನ ಸರ್ವೇಯರ್ ಯಾವ ಕಾಗದ ಹಿಡಿದು ಚೈನು ಎಳೆಯಬೇಕು? ಇದು ಬರೀ ಕಲ್ಪನೆಯ ಭಯವಲ್ಲ. ಹೆಣ್ಣುಮಕ್ಕಳ ಪಾಲಿನ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಎರಡು ಪೀಠಗಳೇ ಬೇರೆ ಬೇರೆ ದಿಕ್ಕಿಗೆ ಹೋಗಿದ್ದವು, ಮತ್ತು ಎರಡೂ ಪ್ರಕರಣ ನಮ್ಮ ಉತ್ತರ ಕರ್ನಾಟಕದವು. 1992ರಲ್ಲಿ ಬೆಳಗಾವಿಯಲ್ಲಿ ಹೂಡಿದ ದಾವೆಯೊಂದರಲ್ಲಿ 2015ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು, ಹಿಂದೂ ಉತ್ತರಾಧಿಕಾರ ಕಾಯ್ದೆಯ ಕೇಂದ್ರ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹುಟ್ಟಿನಿಂದ ಬರುವ ಹಕ್ಕು ಎಂದಿತು. ಮುದ್ದೇಬಿಹಾಳದಿಂದ ಹೋದ ಮತ್ತೊಂದು ಕುಟುಂಬದ ಕೇಸಿನಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ 2018ರ ಫೆಬ್ರುವರಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು. ಈ ಗೋಜಲು ಬಿಡಿಸಲು ಮೂವರು ನ್ಯಾಯಮೂರ್ತಿಗಳ ಪೀಠವೇ ಕೂರಬೇಕಾಯಿತು. ಅರುಣ್ ಮಿಶ್ರಾ, ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್, ಎಂ.ಆರ್. ಶಾ ಅವರಿದ್ದ ಆ ಪೀಠ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಅಂದು ಬದುಕಿರಬೇಕಾದ ಅಗತ್ಯವಿಲ್ಲ ಎಂದದ್ದು 2020ರ ಆಗಸ್ಟ್ 11ರಂದು. ದಿಲ್ಲಿಯಲ್ಲೇ ಹೀಗಾದರೆ, ಒಂದೇ ತಾಲ್ಲೂಕಿನ ಎರಡು ಕೋರ್ಟ್ ಹಾಲುಗಳಲ್ಲಿ ಏನಾಗಬಹುದೆಂದು ಊಹಿಸಿಕೊಳ್ಳಿ.

ಈ ಗೊಂದಲ ತಪ್ಪಿಸಲು ವಕೀಲರ ಬಾಯಲ್ಲಿ ‘ಕ್ಲಬ್ ಮಾಡಿಸುವುದು’ ಎಂದಿರುವ ದಾರಿ ಇದೆ. ಸಂಬಂಧಪಟ್ಟ ದಾವೆಗಳನ್ನೆಲ್ಲ ಒಬ್ಬರೇ ನ್ಯಾಯಾಧೀಶರ ಮುಂದೆ ತಂದು, ಸಾಕ್ಷ್ಯವನ್ನು ಒಂದೇ ಸಲ ದಾಖಲಿಸಿ, ಒಂದೇ ತೀರ್ಪಿನಲ್ಲಿ ಎಲ್ಲವನ್ನೂ ಇತ್ಯರ್ಥ ಮಾಡುವುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂಲ ಪಠ್ಯವನ್ನು ಹುಡುಕಿದರೆ ಇದಕ್ಕೆಂದೇ ಬರೆದ ಕಲಮು ಸಿಗುವುದಿಲ್ಲ. ಅಲ್ಲಿರುವುದು 10ನೇ ಕಲಮು: ಅದೇ ಪಕ್ಷಗಾರರ ನಡುವೆ ಅದೇ ವಿವಾದಾಂಶದ ಮೇಲೆ ಮೊದಲೊಂದು ದಾವೆ ನಡೆಯುತ್ತಿದ್ದರೆ ನಂತರದ್ದು ನಿಲ್ಲಬೇಕು. ಅದರ ಗುಣ ತಡೆಯುವುದು, ಕೂಡಿಸುವುದಲ್ಲ. ಮೊದಲ ದಾವೆ ಬರೀ ನಿರ್ಬಂಧಕಾಜ್ಞೆಯದಾಗಿದ್ದು ನಂತರದ್ದು ಪಾಲಿನದಾದರೆ, ಎರಡನೆಯದನ್ನು ನಿಲ್ಲಿಸುವುದರಿಂದ ಅಕ್ಕ ತಂಗಿಯರಿಗೆ ಅನ್ಯಾಯವೇ ಹೊರತು ಬೇರೇನೂ ಆಗದು.

ಹಾಗಾಗಿ ಕೋರ್ಟುಗಳು ನೆಚ್ಚಿಕೊಂಡದ್ದು 151ನೇ ಕಲಮನ್ನು, ಅಂದರೆ ನ್ಯಾಯಕ್ಕಾಗಿ ನ್ಯಾಯಾಲಯಕ್ಕೆ ಸಹಜವಾಗಿಯೇ ಇರುವ ಅಧಿಕಾರವನ್ನು. ಚಿಟ್ಟಿವಲಸ ಸೆಣಬಿನ ಗಿರಣಿ ಮತ್ತು ಒಂದು ಸಿಮೆಂಟ್ ಕಂಪನಿಯ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಸಂಹಿತೆ ಹೇಳದಿದ್ದರೂ ದಾವೆಗಳನ್ನು ಒಟ್ಟುಗೂಡಿಸಬಹುದು, ವ್ಯಾಜ್ಯಗಳ ಸಂಖ್ಯೆ ಬೆಳೆಯದಂತೆ, ಒಂದಕ್ಕೊಂದು ತದ್ವಿರುದ್ಧ ತೀರ್ಪುಗಳು ಬಾರದಂತೆ, ಅದೇ ಸಾಕ್ಷ್ಯ ಎರಡೆರಡು ಸಲ ದಾಖಲಾಗದಂತೆ ತಡೆಯುವುದೇ ಅದರ ಉದ್ದೇಶ. ಇಬ್ಬರು ವ್ಯಾಪಾರಿಗಳ ಚೀಲದ ಜಗಳದಲ್ಲಿ ಹುಟ್ಟಿದ ಈ ಮಾತು ಹೊಲದ ಜಗಳಗಳಿಗೇ ಹೆಚ್ಚು ಬೇಕಾಗಿತ್ತು. ಉತ್ತರ ಪ್ರದೇಶ ಮಾತ್ರ 1976ರ ತಿದ್ದುಪಡಿಯಲ್ಲಿ ಇದಕ್ಕೆಂದೇ ಒಂದು ಆದೇಶವನ್ನು ಸಂಹಿತೆಗೆ ಸೇರಿಸಿಕೊಂಡಿತು. ಅದಕ್ಕೂ ಮುಂಚೆ, 1964ರ ಜನವರಿಯಲ್ಲಿಯೇ, ಫೈಜಾಬಾದಿನ ಸಿವಿಲ್ ನ್ಯಾಯಾಲಯ ಅಯೋಧ್ಯೆಯ ದಾವೆಗಳನ್ನು ಒಂದುಗೂಡಿಸಿ 1961ರ ದಾವೆಯನ್ನು ಮುಖ್ಯ ದಾವೆ ಎಂದು ಗುರುತಿಸಿತ್ತು. ದೇಶದ ಅತಿ ದೊಡ್ಡ ಜಾಗದ ವ್ಯಾಜ್ಯವೂ ತೆಂಗಿನ ತೋಟದ ವ್ಯಾಜ್ಯವೂ ಈ ಒಂದು ವಿಷಯದಲ್ಲಿ ಒಂದೇ ನಿಯಮಕ್ಕೆ ಒಳಪಟ್ಟಿವೆ.

ನಮ್ಮ ತೋಟಕ್ಕೆ ಬರೋಣ. ಮೂರು ದಾವೆ ಕಿರಿಯ ಸಿವಿಲ್ ಕೋರ್ಟಿನಲ್ಲಿ, ಒಂದು ಹಿರಿಯ ಕೋರ್ಟಿನಲ್ಲಿ. ಒಂದೇ ಕೋರ್ಟಿನಲ್ಲಿದ್ದರೆ ಅದೇ ನ್ಯಾಯಾಧೀಶರ ಮುಂದೆ ಮಧ್ಯಂತರ ಅರ್ಜಿ ಹಾಕಿದರೆ ಮುಗಿಯಿತು. ಇಲ್ಲಿ ಎರಡು ಹೆಜ್ಜೆ ಬೇಕು. ಮೊದಲು 24ನೇ ಕಲಮಿನಡಿ ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಹಾಕಿ ಮೂರೂ ದಾವೆಗಳನ್ನು ಹಿರಿಯ ಕೋರ್ಟಿಗೆ ವರ್ಗ ಮಾಡಿಸಬೇಕು. ದಾವೆಗಳು ಬೇರೆ ಬೇರೆ ಜಿಲ್ಲೆಗಳಲ್ಲಿದ್ದರೆ ಹೈಕೋರ್ಟ್‌ಗೆ, ಬೇರೆ ರಾಜ್ಯದಲ್ಲಿದ್ದರೆ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೇ ಹೋಗಬೇಕು. ಗಡಿ ತಾಲ್ಲೂಕಿನವರಿಗೆ ಇದು ಗೊತ್ತಿರಲಿ. ವರ್ಗವಾದ ಮೇಲೆ ಕ್ಲಬ್ ಮಾಡುವ ಅರ್ಜಿ. ನ್ಯಾಯಾಧೀಶರು ನೋಡುವುದು ಪಕ್ಷಗಾರರು ಬಹುಮಟ್ಟಿಗೆ ಅವರೇ ಆಗಿದ್ದಾರೆಯೇ, ಸ್ವತ್ತು ಅದೇ ಸರ್ವೆ ನಂಬರಿನದೇ, ಸಾಕ್ಷ್ಯ ಒಂದೇ ಆಗಿರುತ್ತದೆಯೇ ಎಂದು. ಎದುರು ಪಕ್ಷ ಒಪ್ಪದಿದ್ದರೂ ಆದೇಶ ಮಾಡಬಹುದು. ಸಾಮಾನ್ಯವಾಗಿ ಎಲ್ಲ ಪ್ರಶ್ನೆಗಳನ್ನೂ ಒಳಗೊಳ್ಳುವ ದಾವೆ ಮುಖ್ಯ ದಾವೆಯಾಗುತ್ತದೆ, ಇಲ್ಲಿ ಪಾಲಿನ ದಾವೆ. ಸಾಕ್ಷ್ಯವೆಲ್ಲ ಅದರ ಕಡತದಲ್ಲಿ ದಾಖಲಾಗಿ ಉಳಿದ ಮೂರಕ್ಕೂ ಓದಿಕೊಳ್ಳಲ್ಪಡುತ್ತದೆ.

ಪಾಲಿನ ದಾವೆಗೆ ಈ ಹಿರಿತನ ಕೊಡುವುದಕ್ಕೆ ಕಾರಣವಿದೆ. ಅದರಲ್ಲಿ ಪ್ರತಿವಾದಿಯೂ ಒಂದರ್ಥದಲ್ಲಿ ವಾದಿಯೇ. ಅವನೂ ತನ್ನ ಪಾಲು ಕೇಳಬಹುದು. ಎಲ್ಲ ಪಾಲುದಾರರೂ ಕಡತದಲ್ಲಿರಲೇಬೇಕು, ಎಲ್ಲ ಜಂಟಿ ಆಸ್ತಿಯೂ ಷೆಡ್ಯೂಲಿನಲ್ಲಿ ಬರಬೇಕು. ತೋಟ ಮಾತ್ರ ಹಾಕಿ ಊರೊಳಗಿನ ಮನೆ ಬಿಟ್ಟರೆ ಭಾಗಶಃ ವಿಭಾಗ ಕೇಳಿದಿರಿ ಎಂದು ತಕರಾರು ಏಳುತ್ತದೆ. ನಿರ್ಬಂಧಕಾಜ್ಞೆಯ ದಾವೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಅಲ್ಲಿ ಮಾಲೀಕತ್ವದ ಪ್ರಶ್ನೆ ಬಗಲಲ್ಲಿ ಇಣುಕುತ್ತದೆ, ಎದುರಾಗಿ ಬರುವುದಿಲ್ಲ. ಹಕ್ಕಿನ ಮೇಲೆಯೇ ನಿಜವಾದ ಅನುಮಾನ ಕವಿದಿರುವಾಗ ಬರೀ ನಿರ್ಬಂಧಕಾಜ್ಞೆ ಕೇಳಿ ಪ್ರಯೋಜನವಿಲ್ಲ, ಘೋಷಣೆಯನ್ನೇ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ವಿವರವಾಗಿ ಹೇಳಿದೆ. ಆದರೂ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಅಂಥ ದಾವೆಗಳು ಸಾಲುಗಟ್ಟಿ ನಿಂತಿವೆ.

ಯಾಕೆ? ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಕೇಸುಗಳು ಹಂಚಿಹೋಗುವುದು ಅಜ್ಞಾನದಿಂದ ಮಾತ್ರವಲ್ಲ. ಹಂಚಿಹೋದರೆ ಲಾಭವಿರುವವರಿದ್ದಾರೆ. ಹೂಡಿದ ದಿನವೇ ಏಕಪಕ್ಷೀಯ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿಬಿಟ್ಟರೆ ಅದೇ ಒಂದು ಆಸ್ತಿ. ಅದನ್ನು ತೋರಿಸಿ ಪೊಲೀಸ್ ಠಾಣೆಗೆ ಹೋಗಬಹುದು, ಪಹಣಿಯ 11ನೇ ಕಾಲಮಿನಲ್ಲಿ ಬರೆಸಬಹುದು, ಈ ವರ್ಷದ ಕಾಯಿ ಕೀಳಬಹುದು. ಇನ್ನೊಬ್ಬ ಅದೇ ತೋಟಕ್ಕೆ ಬೇರೆ ಕೋರ್ಟಿನಿಂದ ಯಥಾಸ್ಥಿತಿ ಆದೇಶ ತಂದರೆ ಇಬ್ಬರೂ ಗೆದ್ದಂತೆ. ಕ್ಲಬ್ ಆದ ಮರುಕ್ಷಣ ಈ ಎರಡು ಕಾಗದಗಳೂ ಒಂದೇ ಮೇಜಿನ ಮೇಲೆ ಬಂದು ಬೀಳುತ್ತವೆ, ಯಾರ ಮಾತು ಎಲ್ಲಿ ಬದಲಾಯಿತೆಂದು ನ್ಯಾಯಾಧೀಶರಿಗೆ ಕಾಣುತ್ತದೆ. ಒಂದು ವಾದಪತ್ರದಲ್ಲಿ ‘ನಾವೆಲ್ಲ ಒಟ್ಟಾಗಿದ್ದೇವೆ’ ಎಂದವನು ಇನ್ನೊಂದರಲ್ಲಿ ‘ಹಿಂದೆಯೇ ಬಾಯಿಮಾತಿನ ಪಾಲಾಗಿದೆ’ ಎಂದಿದ್ದರೆ ಸಿಕ್ಕಿಬೀಳುತ್ತಾನೆ. ಅದಕ್ಕೇ ಕ್ಲಬ್ ಅರ್ಜಿಗೆ ಬರುವ ಆಕ್ಷೇಪಣೆಗಳು ಅಷ್ಟು ಉದ್ದ.

ಹೊಸ ದಾವೆ ಹೂಡುವುದು ನಮ್ಮಲ್ಲಿ ತೀರ ಅಗ್ಗವೂ ಹೌದು. ಪಾಲಿನ ದಾವೆಯಲ್ಲಿ ವಾದಿ ತಾನೂ ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಹೇಳಿಕೊಂಡರೆ, ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯ 35ನೇ ಕಲಮು ವಿಧಿಸಿದ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ತೋಟದ ಬೆಲೆ ಕೋಟಿಯಾದರೂ ಅಷ್ಟೇ. ಸ್ವಾಧೀನದಿಂದ ಹೊರಹಾಕಲ್ಪಟ್ಟವರಿಗೆ ಮಾತ್ರ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಬಡ ಪಾಲುದಾರರಿಗೆ, ಅದರಲ್ಲೂ ತವರಿನ ಆಸ್ತಿ ಕೇಳಲು ಬಂದ ಹೆಣ್ಣುಮಕ್ಕಳಿಗೆ, ಈ ಅಗ್ಗದ ಬಾಗಿಲು ಬೇಕೇ ಬೇಕು. ಅದೇ ಬಾಗಿಲಿನಿಂದ ಒಂದೇ ಕುಟುಂಬದ ಮೂರನೆಯ, ನಾಲ್ಕನೆಯ ದಾವೆಯೂ ಒಳಬರುತ್ತದೆ.

ಹೆಣ್ಣುಮಕ್ಕಳ ಮಾತು ಬಂತಲ್ಲ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಗೊತ್ತುಮಾಡಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮದುವೆಯಾಗದ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಸಮಕ್ಕೆ ನಿಲ್ಲಿಸಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ಕಿತ್ತುಹಾಕಿತು. ಇದರಿಂದಾಗಿ ಅಣ್ಣತಮ್ಮಂದಿರ ನಡುವೆಯೇ ವರ್ಷಗಟ್ಟಲೆ ನಡೆಯುತ್ತಿದ್ದ ದಾವೆಗಳೊಳಗೆ ಅಕ್ಕ ತಂಗಿಯರು ಪ್ರವೇಶಿಸಿದರು. ಅಂತಿಮ ಡಿಕ್ರಿ ಆಗುವವರೆಗೆ ಪಾಲು ಮುಗಿದಂತಲ್ಲ, ಪ್ರಾಥಮಿಕ ಡಿಕ್ರಿಯನ್ನೂ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿರುವುದು ಅವರ ಬೆನ್ನಿಗಿದೆ. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಅವರನ್ನು ಪಕ್ಷಗಾರರನ್ನಾಗಿ ಮಾಡದೆಯೇ ರಾಜಿ ಡಿಕ್ರಿ ಪಡೆದುಕೊಳ್ಳುತ್ತಾರೆ. ಬೇರೆ ದಾರಿಯಿಲ್ಲದೆ ಅವರು ಹೊಸ ದಾವೆ ಹೂಡುತ್ತಾರೆ. ಹಳೆಯದು ನಡೆಯುತ್ತಿದ್ದಾಗಲೇ 1ನೇ ಆದೇಶದ 10ನೇ ನಿಯಮದಡಿ ಅದರಲ್ಲೇ ಸೇರಿಕೊಂಡಿದ್ದರೆ, ಇಲ್ಲವೆ ತಮ್ಮ ದಾವೆಯನ್ನು ಅದರ ಜೊತೆ ಕ್ಲಬ್ ಮಾಡಿಸಿದ್ದರೆ, ಬೆನ್ನ ಹಿಂದೆ ರಾಜಿಯಾಗುವುದು ಅಷ್ಟು ಸುಲಭವಿರುತ್ತಿರಲಿಲ್ಲ.

ಇನ್ನೊಂದು ಜಾತಿಯ ವ್ಯಾಜ್ಯ ನಮ್ಮ ರಾಜ್ಯಕ್ಕೇ ವಿಶೇಷ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಬಹುಪಾಲು ಮನೆಗಳಲ್ಲಿ ಅರ್ಜಿ ಹಾಕಿದ್ದು ಹಿರಿಯಣ್ಣ. ಭೂನ್ಯಾಯಮಂಡಳಿ ಅಧಿಭೋಗದ ಹಕ್ಕು ಕೊಟ್ಟಿದ್ದೂ ಅವನ ಹೆಸರಿಗೆ. ಗೇಣಿ ಕುಟುಂಬದ್ದಾಗಿದ್ದರೆ ಆ ಹಕ್ಕು ಎಲ್ಲರಿಗೂ ಸೇರಿದ್ದು ಎಂದು ತಮ್ಮಂದಿರೂ ಅವರ ಮಕ್ಕಳೂ ಈಗ ಕೇಳುತ್ತಾರೆ, ಮತ್ತು ಸಾಕ್ಷ್ಯವಿದ್ದ ಕಡೆ ಕೋರ್ಟುಗಳು ಅದನ್ನು ಒಪ್ಪಿವೆ. ಅರ್ಧ ಶತಮಾನದ ಹಿಂದೆ ಯಾರು ಉತ್ತರು, ಯಾರು ಗೇಣಿ ಅಳೆದರು ಎಂದು ಹೇಳಬಲ್ಲ ಸಾಕ್ಷಿಗಳಿಗೆ ಇಂದು ಎಷ್ಟು ವಯಸ್ಸಾಗಿರಬೇಕು! ಅವರನ್ನು ಮೂರು ಕೇಸಿಗೆ ಮೂರು ಸಲ ಕರೆತರುವುದು ಸಾಧ್ಯವೇ ಇಲ್ಲ. ಕ್ಲಬ್ ಮಾಡಿಸುವುದರ ಬೆಲೆ ಇಲ್ಲಿ ಅರ್ಥವಾಗುತ್ತದೆ.

ಆದರೆ ಕ್ಲಬ್ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಯಾರೂ ತಿಳಿಯಬೇಡಿ. ಸಮಯ ಮುಖ್ಯ. ವಿವಾದಾಂಶಗಳನ್ನು ರಚಿಸುವ ಮುಂಚೆ, ತಪ್ಪಿದರೆ ಸಾಕ್ಷ್ಯ ಶುರುವಾಗುವ ಮುಂಚೆ ಅರ್ಜಿ ಹಾಕಬೇಕು. ಒಂದು ದಾವೆ ವಾದ ಮುಗಿಸಿ ತೀರ್ಪಿಗೆ ಕಾದಿರುವಾಗ ನಿನ್ನೆ ಮೊನ್ನೆ ಹೂಡಿದ್ದನ್ನು ಅದಕ್ಕೆ ಗಂಟುಹಾಕಲು ಬಂದರೆ, ಕಾಲಹರಣದ ತಂತ್ರವೆಂದು ಅರ್ಜಿ ವಜಾ ಆಗುತ್ತದೆ, ಆಗಲೂಬೇಕು. ಜೊತೆಗೆ, ಒಟ್ಟುಗೂಡಿದ ಕಡತದಲ್ಲಿ ಯಾವನೊಬ್ಬ ಪಕ್ಷಗಾರ ಸತ್ತರೂ 90 ದಿನದೊಳಗೆ ಅವನ ವಾರಸುದಾರರನ್ನು ಸಂಬಂಧಪಟ್ಟ ಪ್ರತಿ ದಾವೆಯಲ್ಲೂ ತರಬೇಕು. ಒಂದರಲ್ಲಿ ತಂದು ಇನ್ನೊಂದರಲ್ಲಿ ಮರೆತರೆ ಮರೆತದ್ದು ಅಲ್ಲಿಗೇ ಮುಗಿದುಹೋಗುವ ಅಪಾಯವಿದೆ.

ಕಂದಾಯ ಇಲಾಖೆಯ ಕೇಸುಗಳು ಈ ಗುಂಪಿಗೆ ಸೇರುವುದೇ ಇಲ್ಲ. ಖಾತೆ ತಕರಾರು ತಹಶೀಲ್ದಾರರಿಂದ ಉಪವಿಭಾಗಾಧಿಕಾರಿಗೆ ಮೇಲ್ಮನವಿಯಾಗಿ, ಅಲ್ಲಿಂದ ಜಿಲ್ಲಾಧಿಕಾರಿಗೆ ಪುನರೀಕ್ಷಣೆಯಾಗಿ, ಕೊನೆಗೆ ಹೈಕೋರ್ಟ್‌ಗೆ ರಿಟ್ ಆಗಿ ಏರುತ್ತದೆ. 1964ರ ಭೂಕಂದಾಯ ಕಾಯ್ದೆಯ 136ನೇ ಕಲಮು ಹಾಕಿಕೊಟ್ಟ ದಾರಿ ಅದು. ಸಿವಿಲ್ ಕೋರ್ಟಿಗೆ ಅದನ್ನು ಎಳೆದು ತರಲಾಗದು. ಹಾಗೆಂದು ಗಾಬರಿ ಬೇಡ. ಪಹಣಿಯ 9ನೇ ಕಾಲಮಿನಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಆ ನಮೂದು ತೆರಿಗೆಯ ಲೆಕ್ಕಕ್ಕೆ, ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು ಎಂದು ಮತ್ತೆ ಮತ್ತೆ ತೀರ್ಪು ಬಂದಿದೆ. ಸಿವಿಲ್ ದಾವೆಗಳೆಲ್ಲ ಒಂದೆಡೆ ಸೇರಿವೆ ಎಂಬ ಆದೇಶದ ಪ್ರತಿಯನ್ನು ಉಪವಿಭಾಗಾಧಿಕಾರಿಯ ಮುಂದಿಟ್ಟು, ಸಿವಿಲ್ ಕೋರ್ಟಿನ ತೀರ್ಪಿಗೆ ಕಾಯುವಂತೆ ಕೇಳಿಕೊಳ್ಳುವುದು ಬುದ್ಧಿವಂತಿಕೆ. ಆರು ತಿಂಗಳಿಗೊಮ್ಮೆ ಖಾತೆ ಹಿಂದೆ ಮುಂದೆ ಓಡಾಡುವುದಾದರೂ ತಪ್ಪುತ್ತದೆ.

ಅತಿ ಹೆಚ್ಚು ಜನ ಕಾಲು ಜಾರುವುದು ತೀರ್ಪು ಬಂದ ಮೇಲೆ. ವಿಚಾರಣೆ ಒಂದಾಗಿ ನಡೆದು ತೀರ್ಪು ಒಂದೇ ಕಾಗದದಲ್ಲಿ ಬಂದರೂ ದಾವೆಗಳು ತಮ್ಮ ತಮ್ಮ ನಂಬರನ್ನು ಉಳಿಸಿಕೊಂಡೇ ಇರುತ್ತವೆ, ಪ್ರತಿಯೊಂದಕ್ಕೂ ಬೇರೆ ಡಿಕ್ರಿ ಹೊರಡುತ್ತದೆ. ಸೋತವನು ‘ತೀರ್ಪು ಒಂದೇ ತಾನೆ’ ಎಂದು ಒಂದೇ ಮೇಲ್ಮನವಿ ಹಾಕಿದರೆ, ಪ್ರಶ್ನಿಸದೆ ಬಿಟ್ಟ ಡಿಕ್ರಿ ಅಂತಿಮವಾಗಿ ನಿಂತು, ಹಾಕಿದ ಮೇಲ್ಮನವಿಯನ್ನೂ ನುಂಗಿಬಿಡಬಹುದು. ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಹೀಗೆ ಒಟ್ಟಾಗಿ ವಿಚಾರಣೆಯಾದ ನಾಲ್ಕು ದಾವೆಗಳಿಂದ ನಾಲ್ಕು ಮೇಲ್ಮನವಿ ಹೋದವು. ಒಂದು ಕಾಲಮಿತಿ ಮೀರಿದ್ದಕ್ಕೆ, ಇನ್ನೊಂದು ಕಡತದ ಅನುವಾದ ಮತ್ತು ಮುದ್ರಣದ ಕ್ರಮ ಕೈಗೊಳ್ಳದಿದ್ದಕ್ಕೆ ವಜಾ ಆದವು. ಒಳಗಿನ ವಿಷಯವನ್ನು ಯಾರೂ ನೋಡಿಯೇ ಇರಲಿಲ್ಲ. ಆದರೂ ಹಾಗೆ ಅಂತಿಮವಾದ ಆ ಎರಡರ ಕಾರಣಕ್ಕೆ ಉಳಿದೆರಡೂ ನಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ಹೇಳಿತು. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ಡಿಕ್ರಿ ಎಷ್ಟಿವೆಯೋ ಮೇಲ್ಮನವಿಯೂ ಅಷ್ಟೇ ಇರಬೇಕು. ವಕೀಲರ ಗುಮಾಸ್ತರನ್ನು ಈ ಒಂದು ಮಾತಿಗಾಗಿಯಾದರೂ ಎರಡು ಸಲ ಕೇಳಿ.

ರಾಜಿಗೂ ಕ್ಲಬ್ ಆದ ಕಡತವೇ ಅನುಕೂಲ. ಲೋಕ ಅದಾಲತ್ತಿನಲ್ಲೋ ಮಧ್ಯಸ್ಥಿಕೆ ಕೇಂದ್ರದಲ್ಲೋ ಎಲ್ಲರೂ ಒಂದೇ ಮೇಜಿಗೆ ಬಂದು ಕೂತಾಗ ನಾಲ್ಕನ್ನೂ ಒಂದೇ ರಾಜಿ ಪತ್ರದಲ್ಲಿ ಮುಗಿಸಬಹುದು. ಅದಾಲತ್ತಿನ ಐತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಒಂದು ಎಚ್ಚರ ಇರಲಿ. ದಾವೆಯ ಷೆಡ್ಯೂಲಿನಲ್ಲಿ ಇಲ್ಲದ ಸ್ಥಿರಾಸ್ತಿಯನ್ನು, ಮನೆಯ ಹಿಂದಿನ ಕಣವನ್ನೋ ಪಟ್ಟಣದ ಸೈಟನ್ನೋ, ರಾಜಿಯಲ್ಲಿ ತುರುಕಿದರೆ ಆ ಭಾಗಕ್ಕೆ ನೋಂದಣಿ ಬೇಕಾಗುತ್ತದೆ. ನೋಂದಣಿ ಮಾಡಿಸದೆ ಬಿಟ್ಟ ರಾಜಿಗಳು ಮುಂದಿನ ತಲೆಮಾರಿಗೆ ಹೊಸ ಕೇಸಿನ ಮೊದಲ ನಿಶಾನೆಯಾಗುತ್ತವೆ. ಊರ ಪಂಚರ ಮುಂದೆ ಬಿಳಿ ಹಾಳೆಯಲ್ಲಿ ಬರೆದ ಪಾಲುಪಟ್ಟಿಯ ಕಥೆಯೂ ಹಾಗೆಯೇ. 2004ರ ಡಿಸೆಂಬರ್ 20ಕ್ಕೆ ಮುಂಚಿನ ಪಾಲಾದರೆ ನೋಂದಾಯಿತ ವಿಭಾಗಪತ್ರ ಇಲ್ಲವೇ ಕೋರ್ಟಿನ ಡಿಕ್ರಿಯನ್ನು ತೋರಿಸಿಯೇ ಹೆಣ್ಣುಮಕ್ಕಳ ಹಕ್ಕನ್ನು ಎದುರಿಸಬೇಕು.

ಗೆದ್ದವರಿಗೂ ಒಂದು ಮಾತು. ಪಾಲಿನ ದಾವೆಯಲ್ಲಿ ಬರುವುದು ಮೊದಲು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟನೇ ಒಂದು ಎಂದು ಮಾತ್ರ. ತೋಟವನ್ನು ಅಳೆದು ಹದ್ದುಬಸ್ತು ಮಾಡಿ ಕೈಗೆ ಕೊಡುವುದು ಅಂತಿಮ ಡಿಕ್ರಿಯ ಕೆಲಸ. ಕಂದಾಯ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿಯ ಮೂಲಕ, ಮನೆಯಾದರೆ ಕೋರ್ಟ್ ಕಮಿಷನರ್ ಮೂಲಕ. ಪ್ರಾಥಮಿಕ ಡಿಕ್ರಿ ಹಿಡಿದುಕೊಂಡು ಕೇಸು ಗೆದ್ದೆವೆಂದು ಹಬ್ಬ ಮಾಡಿ, ಅಂತಿಮ ಡಿಕ್ರಿಗೆ ಅರ್ಜಿಯನ್ನೇ ಹಾಕದೆ ಒಂದು ತಲೆಮಾರು ಕಳೆದ ಮನೆಗಳಿವೆ. ಕೇರಳದ ಕುಟುಂಬವೊಂದರ ಪಾಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ, ಪ್ರಾಥಮಿಕ ಡಿಕ್ರಿಯಾದ ಮೇಲೆ ಬೇರೆ ಅರ್ಜಿಗೆ ಕಾಯದೆ ವಿಚಾರಣಾ ನ್ಯಾಯಾಲಯಗಳು ತಾವಾಗಿಯೇ ಅಂತಿಮ ಡಿಕ್ರಿಯ ಕಡೆಗೆ ಸಾಗಬೇಕೆಂದು ನಿರ್ದೇಶಿಸಿದೆ.

ನಿಮ್ಮ ಮನೆಯ ಕೇಸುಗಳು ಎಷ್ಟಿವೆ, ಎಲ್ಲಿವೆ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿದರೆ ಕಾಣುತ್ತದೆ. ಪ್ರತಿ ಕೇಸಿಗೂ ಹದಿನಾರು ಅಕ್ಷರಾಂಕಿಗಳ ಸಿ.ಎನ್.ಆರ್. ಸಂಖ್ಯೆ ಇದೆ. ಅವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಎದುರಿಗೆ ಸರ್ವೆ ನಂಬರ್, ಕೋರ್ಟು, ಈಗಿನ ಹಂತ ನಮೂದಿಸಿ, ಮುಂದಿನ ವಾಯಿದೆಗೆ ಮುಂಚೆ ನಿಮ್ಮ ವಕೀಲರ ಕೈಗೆ ಕೊಡಿ. ‘ಇವನ್ನು ಇನ್ನೂ ಯಾಕೆ ಕ್ಲಬ್ ಮಾಡಿಸಿಲ್ಲ?’ ಎಂದು ಕೇಳಿ. ಉತ್ತರ ಸಿಗುವವರೆಗೆ ಐದನೆಯ ದಾವೆಗೆ ಸಹಿ ಹಾಕಬೇಡಿ.